ಹೊಯ್ ಸಳ! ಆಮೇಲೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಒಂದು ಮೇಜು, ದಾಳ, ನಾಲ್ಕು ಜನ ಗೆಳೆಯರು. ಕಥೆ ಎಲ್ಲಿ ಮುಗಿಯುತ್ತೋ ಯಾರಿಗೂ ಗೊತ್ತಿರಲ್ಲ. ಬೆಂಗಳೂರಿನಲ್ಲಿ ಆ ಆಟ ನಡೆಸುವ ನಾನು ಅರಸೀಕೆರೆಯವನು. ಆದ್ರೂ ಇಷ್ಟು ದಿನ ಕಟ್ಟಿದ್ದೆಲ್ಲ ಯುರೋಪಿನ ಕೋಟೆಗಳೇ.

ಕಳೆದ ಸಲ ಊರಿಗೆ ಹೋದಾಗ ಈಶ್ವರ ದೇವಸ್ಥಾನದ ನಕ್ಷತ್ರಾಕಾರದ ಮಂಟಪದಲ್ಲಿ ಸುಮ್ಮನೆ ಕೂತಿದ್ದೆ. 1220ರ ಸುಮಾರಿನ ಹೊಯ್ಸಳ ಗುಡಿ. ಸಳ ನೆನಪಾದ. ಎದುರಿಗೆ ಹುಲಿ, ಪಕ್ಕದಲ್ಲಿ 'ಹೊಯ್ ಸಳ' ಅನ್ನುವ ಜೈನ ಮುನಿ. ಈಗ ಸಳನ ಸರದಿ. ಥೇಟ್ ನಮ್ಮ ಆಟ! 1117ರ ಬೇಲೂರು ಶಾಸನದಲ್ಲಿ ಈ ಕಥೆ ಇದೆ; ವಂಶದ ಹೆಸರು ಮಾತ್ರ ಅದಕ್ಕೂ ಹಳೆಯದು. ಅಂದ್ರೆ ಹೆಸರು ಮೊದಲು, ಕಥೆ ಆಮೇಲೆ ಇರಬೇಕು. ಅರಸರೂ ಲೋಕ ಕಟ್ಟಿದವರೇ!

ಹಾಗಂತ ಎಲ್ಲವನ್ನೂ ಬದಲಿಸಬಹುದಾ? ಮುಂದಿನ ಆಟ ದೋರಸಮುದ್ರದಲ್ಲಿ, ಅಂದ್ರೆ ಇವತ್ತಿನ ಹಳೇಬೀಡಿನಲ್ಲಿ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದ ಊರದು. "ನಾವು ಗೆದ್ದುಬಿಡೋಣ" ಅಂದ್ರು ಗೆಳೆಯರು. ನಾನು ಒಪ್ಪಲಿಲ್ಲ. ಹುಲಿ ಕಥೆಯದು, ಸತ್ತ ಜನ ಕಥೆಯವರಲ್ಲ.

"ದಂಡು ಬಂದೇ ಬರುತ್ತೆ. ಅಷ್ಟರೊಳಗೆ ಏನನ್ನು ಉಳಿಸ್ತೀರಿ?" ಅಂದೆ.

ಹೊಯ್ಸಳ ಶಿಲ್ಪಿಗಳು ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತುತ್ತಿದ್ದರು. ಗೆಳತಿಯೊಬ್ಬಳು ಶಿಲ್ಪಿಯ ಪಾತ್ರ ಆರಿಸಿಕೊಂಡಳು.