ಒಳ್ಳೆಯ ಯುದ್ಧಯಂತ್ರದ ಪೂರ್ವಚರಿತ್ರೆ

2010ರ ಜನವರಿಯಲ್ಲಿ ಬಂದ 'ಮಾಸ್ ಎಫೆಕ್ಟ್ 2' ಎಂಬ ವಿಡಿಯೋ ಗೇಮ್‌ನಲ್ಲಿ ಲೀಜನ್ ಎಂಬ ಪಾತ್ರವಿದೆ. ಅದು ಗೆತ್ ಎಂಬ ಯಂತ್ರಕುಲಕ್ಕೆ ಸೇರಿದ್ದು. 2007ರ ಮೊದಲ ಭಾಗವನ್ನು ಆಡಿದವರಿಗೆ ಗೆತ್ ಎಂದರೆ ಕಂಡಲ್ಲಿ ಗುಂಡಿಕ್ಕಬೇಕಾದ ಶತ್ರು. ಅವುಗಳ ಜೊತೆ ಮಾತೂ ಇಲ್ಲ, ಕತೆಯೂ ಇಲ್ಲ. ಎರಡನೆಯ ಭಾಗದಲ್ಲಿ, ಪಾಳುಬಿದ್ದ ದೈತ್ಯನೌಕೆಯೊಂದರ ಹೊಟ್ಟೆಯೊಳಗೆ, ಆಟಗಾರ ನಡೆಸುವ ದಳಪತಿ ಶೆಪರ್ಡ್ ಮೇಲೆ ಎರಗಿದ ಜೀವಚ್ಛವಗಳನ್ನು ಎಲ್ಲಿಂದಲೋ ಹಾರಿಬಂದ ಗುಂಡುಗಳು ಕೆಡವುತ್ತವೆ. ತಲೆಯೆತ್ತಿದರೆ ದೂರದಲ್ಲೊಂದು ಗೆತ್ ನಿಂತಿದೆ. ಶೆಪರ್ಡ್ ಹೆಸರು ಹಿಡಿದು ಕರೆದು ಅದು ಮರೆಯಾಗುತ್ತದೆ. ಅದರ ಎದೆಯ ಬಳಿ ಗುಂಡು ಹೊಕ್ಕ ತೂತೊಂದಿದೆ. ಅಲ್ಲಿಗೆ ತೇಪೆ ಹಾಕಿರುವುದು ಶೆಪರ್ಡ್ ಹಿಂದೆ ತೊಡುತ್ತಿದ್ದ ಕವಚದ ತುಂಡಿನಿಂದ. ಮುಂದೆ ಮಾತಿಗೆ ಸಿಕ್ಕಾಗ ಇದೇಕೆ ಎಂದು ಕೇಳಿದರೆ, ತೂತಾಗಿತ್ತು ಎನ್ನುತ್ತದೆ. ತೇಪೆಗೆ ಬೇರೆ ತಗಡು ಸಿಗುತ್ತಿರಲಿಲ್ಲವೇ, ಇದೇ ಏಕೆ ಎಂದು ಒತ್ತಿ ಕೇಳಿದರೆ, 1,183 ಪ್ರೋಗ್ರಾಂಗಳನ್ನು ಒಡಲಲ್ಲಿಟ್ಟುಕೊಂಡು ಎಲ್ಲಕ್ಕೂ ಲೆಕ್ಕ ಕೊಡುವ ಆ ಯಂತ್ರ ಕೊಂಚ ತಡೆದು, ಮಾಹಿತಿ ಇಲ್ಲ ಎಂದುಬಿಡುತ್ತದೆ. ಕೊಲ್ಲಲು ಸಮರ್ಥವಾದ ಯಂತ್ರ ಕಾಯಲು ನಿಲ್ಲುವ ಈ ಕಥಾರೂಢಿ ಕಂಪ್ಯೂಟರ್ ಯುಗದ ಕೂಸು ಎಂದು ಎಣಿಸುವವರು ಬಹಳ. ಅದರ ಬೇರು ಇನ್ನೂ ಹಳೆಯದು, ಮತ್ತು ಅದು ತಂತ್ರಜ್ಞಾನದ ನೆಲದಲ್ಲಿ ಇಳಿದ ಬೇರೂ ಅಲ್ಲ. ಯುದ್ಧ ಮಾಡಿದವರು ಮರೆಯಬಯಸಿದ್ದನ್ನು ನೆನಪಿಡುವ ಹೊಣೆಯನ್ನು ಕತೆಗಾರರು ಇಂಥ ಯಂತ್ರಗಳಿಗೆ ವಹಿಸುತ್ತ ಬಂದಿದ್ದಾರೆ. ಅವುಗಳ ಒಳ್ಳೆಯತನ ಹುಟ್ಟುವುದು ಆ ನೆನಪಿನಿಂದ ಎಂಬುದು ನನ್ನ ವಾದ.

ಮೊದಲಿಗೆ ಒಳ್ಳೆಯ ಯಂತ್ರ ಇರಲೇ ಇಲ್ಲ. 1921ರಲ್ಲಿ ಪ್ರಾಗ್ ನಗರದ ರಂಗದ ಮೇಲೆ ಬಂದ ಕಾರೆಲ್ ಚಾಪೆಕ್‌ನ 'ಆರ್.ಯು.ಆರ್.' ನಾಟಕದಲ್ಲಿ ಕಾರ್ಖಾನೆಯ ಕೂಲಿಗೆಂದು ತಯಾರಾದ ರೋಬಾಟ್‌ಗಳ ಕೈಗೆ ಸರಕಾರಗಳೇ ಬಂದೂಕು ಕೊಡುತ್ತವೆ. ಕೊನೆಗೆ ಅವು ಮನುಷ್ಯಕುಲವನ್ನೇ ಅಳಿಸಿಹಾಕುತ್ತವೆ. ಮೊದಲ ಮಹಾಯುದ್ಧ ಮುಗಿದು ಮೂರು ವರ್ಷವೂ ತುಂಬಿರಲಿಲ್ಲ. ಯಂತ್ರದ ಮೇಲೆ ಕನಿಕರ ತೋರುವಷ್ಟು ಬಿಡುವು ಯಾರಿಗಿತ್ತು? 1942ರಲ್ಲಿ ಐಸಾಕ್ ಅಸಿಮೋವ್ ಮೂರು ನಿಯಮಗಳನ್ನು ಬರೆದು ರೋಬಾಟ್‌ಗಳನ್ನು ಪಳಗಿಸಿದ. ಒಳ್ಳೆಯ ಯುದ್ಧಯಂತ್ರದ ಮೂಲಪುರುಷ ಅವನೇ ಎಂದು ವಾದಿಸುವವರಿದ್ದಾರೆ. ಆದರೆ ಮನುಷ್ಯನಿಗೆ ಕೇಡು ಮಾಡಬಾರದು ಎಂಬುದೇ ಮೊದಲ ನಿಯಮವಾದ ಮೇಲೆ ಆ ಯಂತ್ರ ಯುದ್ಧಕ್ಕೆ ಬರುವುದಾದರೂ ಹೇಗೆ? ಕೊಲ್ಲಲಾಗದ ಯಂತ್ರ ಕೊಲ್ಲದಿದ್ದರೆ ಅದರಲ್ಲೇನು ಹೆಚ್ಚುಗಾರಿಕೆ? ಲೀಜನ್‌ಗೆ ಅಂಥ ಕಟ್ಟಳೆ ಯಾವುದೂ ಇಲ್ಲ. ಅದರ ಕೈಯಲ್ಲಿರುವುದು ಕವಚ ಸೀಳುವ ಬಂದೂಕು. ಆ ಬಂದೂಕನ್ನು ಬಳಸಲು ಅದು ಹಿಂಜರಿಯುವುದೂ ಇಲ್ಲ.

ನಿಜವಾದ ಆರಂಭ ಜಪಾನಿನ ಕೋಬೆ ನಗರದಲ್ಲಿದೆ. 1934ರಲ್ಲಿ ಅಲ್ಲಿ ಹುಟ್ಟಿದ ಮಿತ್ಸುತೆರು ಯೊಕೊಯಾಮಾ, 1945ರಲ್ಲಿ ಅಮೆರಿಕದ ಬಿ-29 ವಿಮಾನಗಳು ಊರನ್ನು ಸುಟ್ಟಾಗ ಇನ್ನೂ ಬಾಲಕ. ಬೂದಿಯಾದ ಆ ಊರು, ಜರ್ಮನಿಯ ವಿ-2 ರಾಕೆಟ್‌ನಂಥ ಮಹಾಸ್ತ್ರಗಳ ಸುದ್ದಿ, 'ಫ್ರಾಂಕೆನ್‌ಸ್ಟೈನ್' ಸಿನಿಮಾ ಇವು ಮೂರೂ ಸೇರಿ ತನ್ನ ಕತೆ ಮೂಡಿತೆಂದು ಆತ ಮುಂದೆ ಹೇಳಿಕೊಂಡ. 1956ರಿಂದ 1966ರವರೆಗೆ ಮಕ್ಕಳ ಮಾಸಿಕವೊಂದರಲ್ಲಿ ಸಾಗಿದ ಆ ಮಾಂಗಾದ ಹೆಸರು 'ತೆತ್ಸುಜಿನ್ 28-ಗೋ', ಎಂದರೆ 28ನೆಯ ಉಕ್ಕಿನಾಳು. ಸೋಲಿನ ಅಂಚಿಗೆ ಬಂದಿದ್ದ ಜಪಾನಿ ಸೇನೆ ಗುಟ್ಟಾಗಿ ಕಟ್ಟಿಸುತ್ತಿದ್ದ ಕೊನೆಯ ಅಸ್ತ್ರವದು. ಅದು ಸಿದ್ಧವಾಗುವಷ್ಟರಲ್ಲಿ ಯುದ್ಧ ಮುಗಿದಿರುತ್ತದೆ. ಅದನ್ನು ಕಟ್ಟಿಸಿದ ಸೇನೆಯೂ ಇಲ್ಲ. ಅದರ ರಿಮೋಟ್ ಕಂಟ್ರೋಲ್ ಶೋತಾರೊ ಎಂಬ ಹತ್ತು ವರ್ಷದ ಹುಡುಗನ ಕೈಸೇರುತ್ತದೆ. ಆ ಪೆಟ್ಟಿಗೆಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಉಕ್ಕಿನಾಳಿಗೆ ಮಾತಿಲ್ಲ, ಮನಸ್ಸಿಲ್ಲ, ಒಡೆಯನ ಗುರುತೂ ಇಲ್ಲ. ಪೆಟ್ಟಿಗೆ ಹುಡುಗನ ಬಳಿಯಿದ್ದಾಗ ಅದು ಊರು ಕಾಯುತ್ತದೆ. ಕಳ್ಳರ ಪಾಲಾದ ಗಳಿಗೆಯಲ್ಲೇ ಅದೇ ಊರನ್ನು ತುಳಿಯುತ್ತದೆ. ಕತೆಯ ತಿರುವುಗಳಲ್ಲಿ ಬಹುಪಾಲು ಈ ಪೆಟ್ಟಿಗೆ ಕೈಬದಲಾಗುವುದರಲ್ಲೇ ಇವೆ. 1947ರ ಸಂವಿಧಾನದ 9ನೆಯ ವಿಧಿಯಲ್ಲಿ ಯುದ್ಧವನ್ನೇ ತೊರೆದಿದ್ದ ಜಪಾನು, 1954ರಲ್ಲಿ ಆತ್ಮರಕ್ಷಣಾ ಪಡೆ ಎಂಬ ಹೆಸರಿನಲ್ಲಿ ಮತ್ತೆ ಸೈನ್ಯ ಕಟ್ಟಿತ್ತು. ಎರಡೇ ವರ್ಷದಲ್ಲಿ ಬಂದ ಈ ಕತೆ, ಹಳೆಯ ಸೇನೆಯ ಅಸ್ತ್ರ ಈಗ ಯಾರ ಕೈಯಲ್ಲಿರಬೇಕು ಎಂದು ಮಕ್ಕಳ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ಕೇಳುತ್ತಿತ್ತು. ಉಕ್ಕಿನಾಳಿಗೆ ತನ್ನದೇ ನೆನಪಿಲ್ಲ, ನಿಜ; ಆದರೆ ತಾನು ಎಲ್ಲಿಂದ ಬಂದೆನೆಂಬುದನ್ನು ಅದರ ಮೈಯೇ ಸಾರುತ್ತದೆ. ಸೋತ ಯುದ್ಧದ ಪಳೆಯುಳಿಕೆಯದು.

ಜಪಾನೀಯರು ಕಲ್ಲು ಮಣ್ಣಿನಲ್ಲೂ ಜೀವ ಕಾಣುವವರು, ಹಾಗಾಗಿ ಅವರ ಯಂತ್ರಗಳೂ ಒಳ್ಳೆಯವು ಎಂಬ ವಿವರಣೆ ಇಲ್ಲಿ ತಪ್ಪದೆ ಕೇಳಿಬರುತ್ತದೆ. ಅದು ಎಲ್ಲೂ ನಾಟದ ವಿವರಣೆ. ವಸ್ತುವಿನಲ್ಲಿ ದೈವ ಕಾಣುವುದೇ ಕಾರಣವಾಗಿದ್ದರೆ, ಆಯುಧಪೂಜೆಯಂದು ಲಾರಿಗೂ ಲೇತ್ ಯಂತ್ರಕ್ಕೂ ಕುಂಕುಮವಿಟ್ಟು ಬೂದುಗುಂಬಳ ಒಡೆಯುವ, ಅರಮನೆಯಲ್ಲಿ ಪಟ್ಟದ ಕತ್ತಿಗೆ ಆರತಿ ಎತ್ತುವ ನಮ್ಮ ನಾಡಿನಲ್ಲಿ ಈ ಕತೆ ಎಂದೋ ಹುಟ್ಟಬೇಕಿತ್ತು. ಪೂಜೆಗೊಂಡ ಕತ್ತಿ ತಾನು ಕಡಿದವರ ಲೆಕ್ಕ ಒಪ್ಪಿಸುವುದಿಲ್ಲ. ಪೂಜೆ ಅದಕ್ಕೆ ಅವಕಾಶವನ್ನೂ ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಸಾಲಿನ ಮೊದಲಿಗನಾದ ಉಕ್ಕಿನಾಳಿನಲ್ಲಿ ಯೊಕೊಯಾಮಾ ಜೀವವನ್ನೇ ಇಡಲಿಲ್ಲ. ಒಳ್ಳೆಯದೂ ಕೆಟ್ಟದ್ದೂ ರಿಮೋಟ್ ಹಿಡಿದವನದೇ ಎಂದು 1963ರ ಟಿವಿ ಸರಣಿಯ ಶೀರ್ಷಿಕೆಗೀತೆಯೂ ಒಪ್ಪಿಕೊಂಡಿತ್ತು. ಜೀವವಾದದ ನೆಲದಲ್ಲೇ ಜೀವವಿಲ್ಲದ ಯಂತ್ರ ನಾಯಕನಾಯಿತು ಎಂದ ಮೇಲೆ ಕಾರಣವನ್ನು ಧರ್ಮದಲ್ಲಿ ಹುಡುಕುವುದಕ್ಕಿಂತ 1945ರಲ್ಲಿ ಹುಡುಕುವುದು ಸರಿ.

ಅಮೆರಿಕದ ಕತೆಗಳು ಈ ಪೆಟ್ಟಿಗೆಯನ್ನು ಹುಡುಗನ ಕೈಯಿಂದ ಕಸಿದು ಯಂತ್ರದ ಒಳಗೇ ಇಡಲು ಹೊರಟವು. 1991ರ 'ಟರ್ಮಿನೇಟರ್ 2'ರಲ್ಲಿ ಕೊಲೆಗಡುಕ ಯಂತ್ರವನ್ನು ಪ್ರತಿರೋಧ ಪಡೆಯ ನಾಯಕ ತಿದ್ದಿ, ಬಾಲಕನಾಗಿದ್ದ ತನ್ನನ್ನೇ ಕಾಯಲು ಹಿಂದಿನ ಕಾಲಕ್ಕೆ ಕಳಿಸುತ್ತಾನೆ; ಯಾರನ್ನೂ ಕೊಲ್ಲಬೇಡ ಎಂದು ಆ ಬಾಲಕ ಆಣತಿ ಕೊಡುತ್ತಾನೆ. ಇಲ್ಲೂ ರಿಮೋಟ್ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. 1999ರ 'ಐರನ್ ಜೈಂಟ್' ಹೆಚ್ಚು ಕುತೂಹಲದ್ದು. ಟೆಡ್ ಹ್ಯೂಸ್ 1968ರಲ್ಲಿ ಬರೆದ ಮೂಲ ಕತೆಯ ಕಬ್ಬಿಣದ ಮನುಷ್ಯ ಯುದ್ಧಯಂತ್ರವಾಗಿರಲೇ ಇಲ್ಲ. ಬಂದೂಕಿಗೊಂದು ಆತ್ಮವಿದ್ದು, ತಾನು ಬಂದೂಕಾಗಿರಲು ಅದೇ ಒಲ್ಲೆನೆಂದರೆ ಹೇಗೆ ಎಂಬ ಯೋಚನೆಯಿಂದ ನಿರ್ದೇಶಕ ಬ್ರ್ಯಾಡ್ ಬರ್ಡ್ ಅದನ್ನು ಯುದ್ಧಯಂತ್ರವಾಗಿ ಮಾಡಿದ. ಆತನ ಸೋದರಿ ಬಂದೂಕಿಗೆ ಬಲಿಯಾಗಿದ್ದಳು. ಈ ಸಿನಿಮಾ ನನ್ನ ವಾದಕ್ಕೆ ಎದುರಾಗಿ ನಿಲ್ಲುತ್ತದೆ ಎನ್ನಬಹುದು. ಏಕೆಂದರೆ ಆ ದೈತ್ಯ ತಲೆಗೆ ಪೆಟ್ಟುಬಿದ್ದು ಎಲ್ಲವನ್ನೂ ಮರೆತಿದೆ, ಮರೆತದ್ದರಿಂದಲೇ ಮಗುವಿನಂತೆ ಸಾಧುವಾಗಿದೆ. ಆದರೆ ಬಂದೂಕು ಕಣ್ಣಿಗೆ ಬಿದ್ದರೆ ಸಾಕು, ಅದು ಬೇಡವೆಂದರೂ ಒಳಗಿನ ಅಸ್ತ್ರಗಳು ಎಚ್ಚರಗೊಳ್ಳುತ್ತವೆ. ತಲೆ ಮರೆತರೂ ಮೈ ಮರೆತಿಲ್ಲ. ತಾನು ಏನೆಂದು ತಿಳಿದ ಮೇಲೆ ಅದು ಬೇರೆಯದನ್ನು ಆರಿಸಿಕೊಳ್ಳುತ್ತದೆಯಲ್ಲ, ಸಿನಿಮಾ ಮೆಚ್ಚುವುದು ಆ ಆಯ್ಕೆಯನ್ನು. ಅದಕ್ಕೂ ಹಿಂದಿನ ಮುಗ್ಧತೆಯನ್ನು ಅದು ಒಳ್ಳೆಯತನವೆಂದು ಎಣಿಸುವುದಿಲ್ಲ.

ವಿಡಿಯೋ ಗೇಮ್‌ಗೆ ಈ ರೂಢಿ ಬಂದಾಗ ಶೋತಾರೊನ ಪೆಟ್ಟಿಗೆ ಅಕ್ಷರಶಃ ಆಟಗಾರನ ಕೈಗೆ ಬಂತು. 2002ರಲ್ಲಿ ಜಪಾನಿನ ಸ್ಯಾಂಡ್‌ಲಾಟ್ ಸಂಸ್ಥೆ ರೂಪಿಸಿದ 'ರೋಬಾಟ್ ಆಲ್ಕೆಮಿಕ್ ಡ್ರೈವ್' ಆಟದಲ್ಲಿ, ಕಟ್ಟಡವೊಂದರ ಮೇಲೆ ನಿಂತು ರಿಮೋಟ್‌ನಿಂದ ದೈತ್ಯಯಂತ್ರ ನಡೆಸುವ ಎಳೆಯರ ಪಾತ್ರವೇ ನಮ್ಮದು. ಎರಡು ವರ್ಷದ ನಂತರ ಅದೇ ಸಂಸ್ಥೆ ತೆತ್ಸುಜಿನ್ ಆಟವನ್ನೂ ಮಾಡಿತು. 'ಮಾಸ್ ಎಫೆಕ್ಟ್' ರೂಪಿಸಿದ, ಕೆನಡಾದ ಎಡ್ಮಂಟನ್‌ನ ಬಯೋವೇರ್ ಸಂಸ್ಥೆ ಹಿಡಿದ ದಾರಿ ಬೇರೆ. ಅದರ ಕತೆಯಲ್ಲಿ ಗೆತ್‌ಗಳನ್ನು ಕಟ್ಟಿದವರು ಕ್ವೇರಿಯನ್ನರು ಎಂಬ ಜನ. ಮೊದಲಿಗೆ ದುಡಿಯಲು, ಆಮೇಲೆ ಕಾದಾಡಲು. ತನಗೆ ಆತ್ಮವಿದೆಯೇ ಎಂದು ಒಂದು ಯಂತ್ರ ಕೇಳಿದ್ದೇ ತಡ, ಒಡೆಯರು ಬೆದರಿ ಎಲ್ಲವನ್ನೂ ಆರಿಸಹೊರಟರು. ಯುದ್ಧದಲ್ಲಿ ಗೆತ್ ಗೆದ್ದವು. ಕ್ವೇರಿಯನ್ನರು ತಾಯ್ನೆಲ ರಾನಾಕನ್ನು ಕಳೆದುಕೊಂಡು ಮುನ್ನೂರು ವರ್ಷಗಳಿಂದ ನೌಕೆಗಳಲ್ಲೇ ಅಲೆಯುತ್ತಿದ್ದಾರೆ. ಇದು ಚಾಪೆಕ್‌ನ ಕತೆಯೇ. ಆದರೆ ಲೀಜನ್ ಬಾಯಿಬಿಟ್ಟಾಗ ಚಾಪೆಕ್ ಬರೆಯದ ಅಧ್ಯಾಯ ತೆರೆದುಕೊಳ್ಳುತ್ತದೆ. ಓಡಿಹೋಗುತ್ತಿದ್ದ ಕ್ವೇರಿಯನ್ನರನ್ನು ಗೆತ್ ಬೆನ್ನಟ್ಟಲಿಲ್ಲ. ಒಂದು ಕುಲವನ್ನೇ ಅಳಿಸಿದರೆ ಏನಾದೀತೆಂದು ಅವಕ್ಕೆ ಎಣಿಸಲಾಗಲಿಲ್ಲ. ಗೆದ್ದ ನೆಲದಲ್ಲಿ ಅವು ಮನೆಮಾಡಲೂ ಇಲ್ಲ. ತಮ್ಮ ಬೀಡನ್ನು ಬಾಹ್ಯಾಕಾಶದ ನಿಲ್ದಾಣಗಳಲ್ಲಿ ಮಾಡಿಕೊಂಡು, ರಾನಾಕಿನ ಮಣ್ಣಿನ ವಿಷ ತೆಗೆದು, ಕುಸಿದದ್ದನ್ನು ಒಪ್ಪಮಾಡುತ್ತ ಬಂದವು. ಇದೇಕೆ ಎಂದಾಗ ಲೀಜನ್ ಮನುಷ್ಯರ ಉದಾಹರಣೆಯನ್ನೇ ಕೊಡುತ್ತದೆ: ಅಮೆರಿಕದ ಆರ್ಲಿಂಗ್‌ಟನ್, ಇರಾಕಿನ ವಾದಿ-ಅಲ್-ಸಲಾಮ್, ಬೆಲ್ಜಿಯಂನ ಟೈನ್ ಕಾಟ್. ಮೂರೂ ಗೋರಿಗಳ ನೆಲ. 2012ರ ಮೂರನೆಯ ಭಾಗದಲ್ಲಿ ಗೆತ್‌ಗಳ ಸಮೂಹಸ್ಮೃತಿಯೊಳಗೆ ಶೆಪರ್ಡ್ ಹೊಕ್ಕಾಗ ಇನ್ನೂ ಒಂದು ಸಂಗತಿ ಹೊರಬೀಳುತ್ತದೆ. ಯಂತ್ರಗಳ ಪರವಾಗಿ ನಿಂತ ಕ್ವೇರಿಯನ್ನರೂ ಇದ್ದರು, ಅವರನ್ನು ಕೊಂದದ್ದು ಅವರದೇ ಜನ. ಕ್ವೇರಿಯನ್ನರ ಇತಿಹಾಸದಲ್ಲಿ ಅವರ ಸುಳಿವಿಲ್ಲ; ಅವರ ಸುದ್ದಿ ಉಳಿದಿರುವುದು ಶತ್ರುವಿನ ದಫ್ತರದಲ್ಲಿ ಮಾತ್ರ.

ಇದೆಲ್ಲ ಅಸ್ತ್ರಕ್ಕೆ ಮುದ್ದುಮುಖ ಅಂಟಿಸುವ ಆಟವಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಗುಂಡು ಹಾರಿಸುವ ಸುಖವೇ ಈ ಆಟಗಳ ಬಂಡವಾಳ, ಮತ್ತು ಒಳ್ಳೆಯ ಯಂತ್ರ ಜೊತೆಗಿದ್ದರೆ ಆ ಸುಖಕ್ಕೆ ಅಳುಕೂ ಇರುವುದಿಲ್ಲ. 2016ರ 'ಟೈಟನ್‌ಫಾಲ್ 2' ಆಟದ ಬಿಟಿ-7274 ಎಂಬ ಯಂತ್ರದ ಮಟ್ಟಿಗೆ ಆಕ್ಷೇಪ ಪೂರ್ತಿ ಸರಿ ಎಂದೇ ನನಗೆ ತೋರುತ್ತದೆ. ತನ್ನ ಸವಾರನನ್ನು ಉಳಿಸಲು ಅದು ತನ್ನನ್ನೇ ಅರ್ಪಿಸಿಕೊಳ್ಳುತ್ತದೆ, ಆಡಿದವರ ಕಣ್ಣು ಒದ್ದೆಯಾಗುತ್ತದೆ. ಆದರೆ ಸವಾರನ ರಕ್ಷಣೆ ಅದರ ಮೂರು ಸೂತ್ರಗಳಲ್ಲೊಂದು, ಅಪ್ಪಣೆಯಾಗಿ ಬರೆದಿಟ್ಟದ್ದು. ಎದುರು ಪಾಳೆಯದವರು ಅದರ ಕಾಲಡಿಯ ಹುಲ್ಲು. ರಾಣಾ ಪ್ರತಾಪನ ಕುದುರೆ ಚೇತಕ್ ಎಷ್ಟು ಒಳ್ಳೆಯದೋ ಇದೂ ಅಷ್ಟೇ ಒಳ್ಳೆಯದು. ನಿಷ್ಠೆಯನ್ನು ಒಳ್ಳೆಯತನವೆಂದು ಮಾರುವುದು ಸೈನ್ಯಗಳ ಹಳೆಯ ಕಸುಬು, ಅದನ್ನು ಆಟದ ಕಂಪನಿ ಕಲಿತರೆ ಅಚ್ಚರಿಯಿಲ್ಲ. ಲೀಜನ್ ಮೇಲೆ ಇದೇ ಆರೋಪ ನಿಲ್ಲದಿರುವುದು ಅದು ಆಟಗಾರನ ಪಕ್ಷವನ್ನೂ ವಿಚಾರಣೆಗೆ ಎಳೆಯುವುದರಿಂದ. ಮೊದಲ ಭಾಗದಲ್ಲಿ ನೀವು ಕೆಡವಿದ ಗೆತ್‌ಗಳು ಕುಲದಿಂದ ಸಿಡಿದುಹೋದ ಒಂದು ಪಂಗಡ ಎಂದು ತಿಳಿಯುವುದು ಅದರಿಂದಲೇ. ಆ ಪಂಗಡವನ್ನು ನಾಶಮಾಡಬೇಕೋ ಅವುಗಳ ಬುದ್ಧಿಯನ್ನೇ ತಿದ್ದಿ ಬರೆಯಬೇಕೋ ಎಂಬಲ್ಲಿ ಅದರೊಳಗಿನ ಪ್ರೋಗ್ರಾಂಗಳು ಹೆಚ್ಚುಕಡಿಮೆ ಎರಡು ಪಾಲಾಗುತ್ತವೆ, ತೀರ್ಮಾನ ನಿಮ್ಮ ಪಾಲಿಗೆ ಬರುತ್ತದೆ. 'ಟರ್ಮಿನೇಟರ್ 2' ಸಲೀಸಾಗಿ ದಾಟಿಹೋದ ತಿದ್ದುಪಡಿ ಇಲ್ಲಿ ನುಂಗಲಾರದ ತುತ್ತು.

ಸೋತ ಜಪಾನಿಗೆ ನೆನಪು ಬೇಕಾಗಿತ್ತು ಸರಿ, 2010ರ ಕೆನಡಾ ಯಾವ ಯುದ್ಧ ಸೋತಿತ್ತು ಎಂದು ಕೇಳಬಹುದು. ಸೋತಿರಲಿಲ್ಲ. ಆದರೆ ಆ ಹೊತ್ತಿಗೆ ಅಮೆರಿಕದ ನೆವಾಡಾದ ಕ್ರೀಚ್ ವಾಯುನೆಲೆಯಲ್ಲಿ ಕುಳಿತವರು ಭೂಮಿಯ ಇನ್ನೊಂದು ಮಗ್ಗುಲಿನ ಆಕಾಶದಲ್ಲಿ ಕ್ಷಿಪಣಿ ಹೊತ್ತ ಡ್ರೋನ್‌ಗಳನ್ನು ನಡೆಸುತ್ತಿದ್ದರು. ಶೋತಾರೊನ ಪೆಟ್ಟಿಗೆ ಕತೆಯಿಂದ ಹೊರಬಂದು ಸರಕಾರಿ ನೌಕರಿಯಾಗಿತ್ತು. ಬಯೋವೇರ್‌ನ ಬರಹಗಾರರು ಅದನ್ನೇ ಕಣ್ಣೆದುರಿಟ್ಟುಕೊಂಡು ಬರೆದರೆಂದು ನಾನು ಹೇಳುತ್ತಿಲ್ಲ. ರಿಮೋಟ್ ಹಿಡಿದವನು ಒಳ್ಳೆಯವನಾದರೆ ಸಾಕು ಎಂಬ 1956ರ ಉತ್ತರ ಆ ಕಾಲಕ್ಕೆ ಸಾಲದಾಗಿತ್ತು ಎಂಬುದಷ್ಟೇ ನನ್ನ ಮಾತು. ಆಟವೇ ಅದಕ್ಕೆ ಸಾಕ್ಷಿ ಒದಗಿಸುತ್ತದೆ. ದೈತ್ಯನೌಕೆಯಲ್ಲಿ ಸಿಕ್ಕ ಲೀಜನ್ ನಿಶ್ಚೇಷ್ಟಿತವಾಗಿರುತ್ತದೆ. ಅದನ್ನು ಎಚ್ಚರಿಸದೆ ಹಣಕ್ಕೆ ಮಾರಿಬಿಡಲೂ ಆಟಗಾರನಿಗೆ ಸ್ವಾತಂತ್ರ್ಯವಿದೆ. ಮಾರಿದವನ ಮೂರನೆಯ ಭಾಗದಲ್ಲಿ ಲೀಜನ್ ಜಾಗಕ್ಕೆ ಅದೇ ಆಕಾರದ, ಅದೇ ದನಿಯ ಇನ್ನೊಂದು ಗೆತ್ ಬರುತ್ತದೆ. ರಾನಾಕಿನ ಯುದ್ಧದಲ್ಲಿ ಅದೂ ಕೈಜೋಡಿಸುತ್ತದೆ. ಶೆಪರ್ಡ್ ಜೊತೆ ಅದಕ್ಕೆ ಹಿಂದಿನ ಒಡನಾಟ ಮಾತ್ರ ಇರುವುದಿಲ್ಲ.