ದುರ್ಗಿಗುಡಿಯ ಮೆಟ್ಟಿಲು, ಭದ್ರಾವತಿಯ ಸೈರನ್

ದುರ್ಗಿಗುಡಿ ಮುಖ್ಯರಸ್ತೆಯಲ್ಲಿ ಒಮ್ಮೆ ತಲೆ ಎತ್ತಿ ನೋಡುತ್ತಾ ನಡೆಯಿರಿ. (ಹಾಗೆ ನಡೆದರೆ ನಿಲ್ಲಿಸಿದ ಯಾವುದಾದರೂ ಬೈಕಿಗೆ ಮೊಣಕಾಲು ತಾಗುವುದು ಖಂಡಿತ, ಅದು ಬೇರೆ ಮಾತು.) ಕೆಳಗೆ ಬಟ್ಟೆ ಅಂಗಡಿ, ಅದರ ಮೇಲೆ ಕ್ಲಿನಿಕ್ಕು, ಅದರ ಮೇಲೆ ಕೋಚಿಂಗ್ ಕ್ಲಾಸು, ಎಲ್ಲಕ್ಕೂ ಮೇಲೆ ಯಾರೋ ಬಾಡಿಗೆಗಿರುವ ರೂಮು. ಇಷ್ಟು ಜನಕ್ಕೆ ಎಷ್ಟೋ ಕಡೆ ಮೆಟ್ಟಿಲು ಒಂದೇ. ಆ ಮೆಟ್ಟಿಲ ಕೆಳಗೆ ಮೀಟರ್ ಬೋರ್ಡು, ಯುಪಿಎಸ್ ಬ್ಯಾಟರಿ, ಖಾಲಿ ರಟ್ಟಿನ ಪೆಟ್ಟಿಗೆಗಳು.

ಇಂಥದ್ದೊಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಾನು ಎರಡು ವರ್ಷ ಪಾಠಕ್ಕೆ ಹೋಗಿದ್ದೇನೆ. ತಾರಸಿಯ ಬಾಗಿಲಿಗೆ ಸದಾ ಬೀಗ. ಕೀ ಯಾರ ಹತ್ತಿರ ಎಂದು ಒಮ್ಮೆ ಕೇಳಿದ್ದೆ. ಓನರ್ ಹತ್ತಿರ. ಓನರ್ ಎಲ್ಲಿ? ವಿನೋಬನಗರದಲ್ಲಿ.

ಇಲ್ಲಿಂದ 20 ಕಿಲೋಮೀಟರ್ ಆಸುಪಾಸಿನ ಭದ್ರಾವತಿಯಲ್ಲಿ ಇದೇ ವಿಷಯದ ಚರಿತ್ರೆ ಬೇರೆ ದಾರಿ ಹಿಡಿದಿತ್ತು. 1918ರಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆ ಕಾಡಿನ ಸೌದೆಯಿಂದ ಇದ್ದಿಲು ಮಾಡಿ ಕುಲುಮೆ ಉರಿಸುತ್ತಿತ್ತು. 1936ರಲ್ಲಿ ಬಂದ ಕಾಗದದ ಕಾರ್ಖಾನೆಗೆ ಬೇಕಾದದ್ದು ಬಿದಿರು, ಮರ. ಎರಡೂ ಕಡೆ ಕೆಲಸವೇ ಬೆಂಕಿಯದ್ದು ಅಥವಾ ಬೆಂಕಿಗೆ ಬೇಗ ಸಿಕ್ಕುವ ಮಾಲಿನದ್ದು. 1948ರ ಕಾರ್ಖಾನೆ ಕಾಯ್ದೆ 38ನೇ ಕಲಮಿನಲ್ಲಿ ಇಂಥ ಜಾಗಗಳ ಬಗ್ಗೆ ಸ್ಪಷ್ಟವಾಗಿ ಹೇಳಿತು. ಬೇಗ ಹೊತ್ತಿಕೊಳ್ಳುವ ವಸ್ತು ಇರುವಲ್ಲಿ, ಅಥವಾ ನೆಲಮಹಡಿಯ ಮೇಲೆ 20ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ, ತಪ್ಪಿಸಿಕೊಳ್ಳುವ ದಾರಿ ಪ್ರತಿ ಕಾರ್ಮಿಕನಿಗೂ ಗೊತ್ತಿರಬೇಕು, ಆಗ ಏನು ಮಾಡಬೇಕೆಂಬ ತರಬೇತಿಯೂ ಆಗಿರಬೇಕು. ದಾರಿ ಇದ್ದರಷ್ಟೇ ಸಾಲದು, ಕಾಲಿಗೆ ಅಭ್ಯಾಸವಾಗಿರಬೇಕು ಎಂಬ ಮಾತು ಸ್ವಾತಂತ್ರ್ಯ ಬಂದ ಮರುವರ್ಷವೇ ನಮ್ಮ ಕಾನೂನಿನಲ್ಲಿತ್ತು.

ಆದರೆ ಅದು ಕಾರ್ಖಾನೆಯ ಗೇಟಿನೊಳಗಿನ ಕಾನೂನು. ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿ, ಕ್ಲಿನಿಕ್ಕಿನ ನರ್ಸು, ಪಾಠ ಕೇಳುವ ಹುಡುಗರು ಅದರ ಲೆಕ್ಕದಲ್ಲಿಲ್ಲ.

ಗೇಟಿನ ಹೊರಗಿನವರಿಗೆ ಪಾಠ ಬಂದದ್ದು ಸಾವುಗಳ ಮೂಲಕ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. 2010ರ ಫೆಬ್ರುವರಿ 23ರ ಮಧ್ಯಾಹ್ನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ. ಕಾರ್ಲ್‌ಟನ್ ಕಥೆ ದುರ್ಗಿಗುಡಿಗೆ ಹತ್ತಿರದ್ದು, ಅದಕ್ಕೇ ಸ್ವಲ್ಪ ನಿಲ್ಲುತ್ತೇನೆ. ಅದು ಹಲವು ಕಚೇರಿಗಳು ಹಂಚಿಕೊಂಡಿದ್ದ ಕಟ್ಟಡ. ವಿದ್ಯುತ್ ಕೇಬಲ್ಲುಗಳ ಕೊಳವೆಯಲ್ಲಿ ಹೊತ್ತಿದ್ದು ಮೇಲಿನ ಮಹಡಿಗಳಿಗೆ ಹೊಗೆಯಾಗಿ ಏರಿತು. ಜ್ವಾಲೆ ಕಾಣುವ ಮೊದಲೇ ಮೆಟ್ಟಿಲಿನಲ್ಲಿ ಉಸಿರು ಕಟ್ಟಿತು. ತುರ್ತು ಬಾಗಿಲುಗಳಿಗೆ ಬೀಗ ಇತ್ತೆಂದು ಆಗ ಪತ್ರಿಕೆಗಳು ಬರೆದವು. ಕಿಟಕಿ ಒಡೆದು ಕೆಲವರು ಕೆಳಗೆ ಹಾರಿದರು. ಕಚೇರಿಗಳು ಹಲವು ಇದ್ದವು. ಮೆಟ್ಟಿಲು ಯಾರದ್ದು?

ಬೀಗದ ಚರಿತ್ರೆ ಇನ್ನೂ ಹಳೆಯದು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 146 ಮಂದಿ ಸತ್ತಾಗಲೂ ಒಂದು ಬಾಗಿಲಿಗೆ ಬೀಗವಿತ್ತು. ಕಾರಣ ಕಳ್ಳತನದ ಭಯ. ನಮ್ಮ ಅಂಗಡಿಯವರಿಗೂ ಅದೇ ಭಯ, ತಪ್ಪೆನ್ನಲಾರೆ. ಆದರೆ 2018ರ ಜನವರಿ 8ರ ನಸುಕಿನಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಬಾರೊಂದರಲ್ಲಿ ಬೆಂಕಿಗೆ ಸತ್ತ 5 ಜನ ಅಲ್ಲೇ ಮಲಗುತ್ತಿದ್ದ ನೌಕರರು.

ಕಾರ್ಲ್‌ಟನ್ ನಂತರ ಎತ್ತರದ ಕಟ್ಟಡಗಳ ಮೇಲೆ ಕಣ್ಣು ಬಿತ್ತು. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಇವುಗಳಿಗೆ ತಾಲೀಮಿನ ಲೆಕ್ಕವೂ ಇದೆ: ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಆದರೆ ಎತ್ತರದ ಕಟ್ಟಡ ಎಂದರೆ ಸಂಹಿತೆಯ ಪ್ರಕಾರ 15 ಮೀಟರ್ ಅಥವಾ ಅದಕ್ಕಿಂತ ಹೆಚ್ಚು. ಮೂರು-ನಾಲ್ಕು ಮಹಡಿಯ ದುರ್ಗಿಗುಡಿ ಕಾರ್ಖಾನೆಯೂ ಅಲ್ಲ, ಗಗನಚುಂಬಿಯೂ ಅಲ್ಲ. ಎರಡು ಕಾನೂನುಗಳ ನಡುವಿನ ಸಂದಿಯಲ್ಲಿ ನಿಂತಿದೆ.

ನಮಗೆ ಸಿಗುವುದು ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಿಸಿ ಸತ್ತ 66 ಅಗ್ನಿಶಾಮಕ ಸಿಬ್ಬಂದಿಯ ನೆನಪಿನ ವಾರ ಅದು. ದಿನಾಂಕಕ್ಕೆ ಗೌರವ ಸಲ್ಲಲೇಬೇಕು, ಆದರೆ ಆ ಹೊತ್ತಿಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಮಕ್ಕಳಿಲ್ಲದ ಶಾಲೆಯಲ್ಲಿ ಯಾರನ್ನು ಹೊರಗೆ ಕರೆತರುವುದು? ಪತ್ರಿಕೆಯಲ್ಲಿ ನಾವೇ ಬರೆಯುವ ಪದ ನೋಡಿ: 'ಅಣಕು ಪ್ರದರ್ಶನ'. ಪ್ರದರ್ಶನವೇ ಸರಿ. ತಟ್ಟೆಯಲ್ಲಿ ಬೆಂಕಿ, ನೊರೆ, ಚಪ್ಪಾಳೆ, ಫೋಟೊ. ಶಿವಮೊಗ್ಗ ದಸರೆಗೆ ಸಕ್ರೆಬೈಲಿನ ಆನೆಗಳು ಬಂದಾಗ ಅವನ್ನು ಮೊದಲೇ ಬೀದಿಯಲ್ಲಿ ನಡೆಸಿ, ಜನ, ಸದ್ದು ಎಲ್ಲ ರೂಢಿ ಮಾಡಿಸುತ್ತಾರೆ. ಅದಕ್ಕೆ ತಾಲೀಮು ಎನ್ನುತ್ತೇವೆ. ಮನುಷ್ಯರಿಗೂ ಬೇಕಾದ ಪದ ಅದೇ.

ತಾಲೀಮು ಅಂದರೆ ಎಲ್ಲಿ ಕೆಡುತ್ತದೆ ಎಂದು ಹುಡುಕುವುದು. ಸರಾಗವಾಗಿ ಮುಗಿದರೆ ಅನುಮಾನ ಪಡಬೇಕು. ಕಟ್ಟಡದ ಎಲ್ಲ ಬಾಡಿಗೆದಾರರೂ ಒಂದೇ ದಿನ, ಗಿರಾಕಿ ಇರುವ ಹೊತ್ತಿಗೇ ಮಾಡಬೇಕು. ಬೆಂಕಿ ಭಾನುವಾರಕ್ಕೆ ಕಾಯುವುದಿಲ್ಲ. ಮೊದಲ ಸಲ ಹೇಳಿ ಮಾಡಿ, ಎರಡನೇ ಸಲ ದಿನ ಹೇಳಬೇಡಿ. ಅಗ್ನಿಶಾಮಕ ಠಾಣೆಗೆ ಮಾತ್ರ ಮುಂಚೆಯೇ ತಿಳಿಸಿ. ಲಿಫ್ಟ್ ಇದ್ದರೆ ನಿಲ್ಲಿಸಿ. ಎರಡು ಮೆಟ್ಟಿಲಿದ್ದರೆ ಒಂದರ ಬಾಯಿಗೆ ಕುರ್ಚಿ ಇಟ್ಟು 'ಇಲ್ಲಿ ಹೊಗೆ' ಎಂದು ಚೀಟಿ ಹಚ್ಚಿ, ಜನ ಏನು ಮಾಡುತ್ತಾರೆ ನೋಡಿ. ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿಸಿಕೊಂಡವರನ್ನು ಇಳಿಸುವವರು ಯಾರು, ಟ್ರಯಲ್ ರೂಮಿನಲ್ಲಿ ಇದ್ದವರನ್ನು ಕೂಗುವವರು ಯಾರು ಎಂದು ಹೆಸರು ಹಿಡಿದು ಗೊತ್ತು ಮಾಡಿ. 112ಕ್ಕೆ ಫೋನ್ ಮಾಡುವುದೂ ಒಬ್ಬರ ಹೆಸರಿನಲ್ಲಿರಲಿ. ಇಲ್ಲದಿದ್ದರೆ ಎಲ್ಲರೂ ವಿಡಿಯೊ ಮಾಡುತ್ತಾರೆ.

ಹೊರಬಂದ ಮೇಲೆ ನಿಲ್ಲುವುದು ಎಲ್ಲಿ ಎಂಬುದೇ ದುರ್ಗಿಗುಡಿಯ ದೊಡ್ಡ ಪ್ರಶ್ನೆ. ಕಟ್ಟಡದ ಬಾಗಿಲಲ್ಲೇ ಗುಂಪು ಕಟ್ಟಿದರೆ ಅಗ್ನಿಶಾಮಕ ವಾಹನಕ್ಕೆ ದಾರಿ ಇಲ್ಲ. ಅಡ್ಡರಸ್ತೆಯ ಒಂದು ಮೂಲೆಯನ್ನು ಮೊದಲೇ ಗುರುತು ಮಾಡಿ, ಅಲ್ಲಿ ಹಾಜರಿ ಕೂಗಬೇಕು. ಬೆಲ್ ಹೊಡೆದದ್ದು ಎಷ್ಟಕ್ಕೆ, ಕೊನೆಯವರು ಬಂದದ್ದು ಎಷ್ಟಕ್ಕೆ, ಯಾವ ಬಾಗಿಲು ತೆರೆಯಲಿಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನ ಸಲ ಜಗಳಕ್ಕಾದರೂ ಆಧಾರ ಇರುತ್ತದೆ.

ಮೊನ್ನೆ ಆ ಹಳೆಯ ಕಟ್ಟಡಕ್ಕೆ ಹೋಗಿದ್ದೆ. ಮೆಟ್ಟಿಲ ಕೆಳಗೆ ರಟ್ಟಿನ ಪೆಟ್ಟಿಗೆಗಳು ಇನ್ನೂ ಇವೆ, ಹೊಸ ಕಂಪನಿಯವು. ತಾರಸಿಯ ಕೀ ವಿನೋಬನಗರದಿಂದ ಬಂದಿದೆ, ಈಗ ಕೆಳಗಿನ ಮೆಡಿಕಲ್ ಶಾಪಿನಲ್ಲಿ ಇರುತ್ತದಂತೆ. ಶಾಪು ರಾತ್ರಿ ಒಂಬತ್ತೂವರೆಗೆ ಮುಚ್ಚುತ್ತದೆ. ಮೇಲಿನ ರೂಮಿನ ಹುಡುಗರು ವಾಪಸ್ ಬರುವುದು ಹತ್ತಕ್ಕೆ.