ಸರಕಾರಿ ಶಾಲೆಗಳಲ್ಲಿ ನಡವಳಿಕೆ ತಜ್ಞರ ಪಾತ್ರ

ತರಗತಿಯಲ್ಲಿ ಒಂದು ಕಡೆ ಕೂರದ, ಪಕ್ಕದವರನ್ನು ಹೊಡೆಯುವ, ಪುಸ್ತಕ ಹರಿಯುವ ಅಥವಾ ಬೆಳಗಿನಿಂದ ಸಂಜೆಯವರೆಗೆ ಬಾಯೇ ಬಿಡದ ಮಕ್ಕಳು ಎಲ್ಲಾ ಊರಿನ ಶಾಲೆಗಳಲ್ಲೂ ಇರುತ್ತಾರೆ. ಇಂಥ ಮಕ್ಕಳಿಗೆ ಹಠಮಾರಿ, ಮೊಂಡ, ದಡ್ಡ ಎಂಬ ಹೆಸರು ಬೇಗ ಬೀಳುತ್ತದೆ. ಮಗು ಹಾಗೆ ನಡೆದುಕೊಳ್ಳಲು ಕಾರಣವೇನು ಎಂದು ಕೆಲವು ದಿನ ಗಮನಿಸಿ, ಬರೆದಿಟ್ಟು, ಆ ಕಾರಣಕ್ಕೆ ತಕ್ಕ ಉಪಾಯವನ್ನು ಶಿಕ್ಷಕರಿಗೂ ಮನೆಯವರಿಗೂ ಹೇಳಿಕೊಡುವವರೇ ನಡವಳಿಕೆ ತಜ್ಞರು. ಇಂಗ್ಲಿಷಿನಲ್ಲಿ ಇವರನ್ನು ಬಿಹೇವಿಯರ್ ಸ್ಪೆಷಲಿಸ್ಟ್ ಎನ್ನುತ್ತಾರೆ.

ಧರ್ಮಪುರಿ, ಸೇಲಂ ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ ಈ ಹೆಸರಿನ ಹುದ್ದೆ ಇಲ್ಲ. ಆದರೆ ಕೆಲಸ ಇದೆ, ಅದು ನಾಲ್ಕಾರು ಜನರ ನಡುವೆ ಹಂಚಿಹೋಗಿದೆ. ಗಡಿ ಭಾಗದ ಕನ್ನಡ ಮನೆಗಳಿಗೆ ಈ ವಿಷಯ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ಭಾಷೆ ತಿಳಿಯದೆ ಸುಮ್ಮನೆ ಕೂತ ಮಗುವನ್ನು ಬುದ್ಧಿ ಕಡಿಮೆ ಇರುವ ಮಗು ಎಂದುಕೊಳ್ಳುವುದು ಇಲ್ಲಿ ಸುಲಭ. ನಿಜವಾದ ತೊಂದರೆ ಇರುವ ಮಗುವನ್ನು 'ತಮಿಳು ಬಂದರೆ ಎಲ್ಲಾ ಸರಿಹೋಗುತ್ತದೆ' ಎಂದು ಬಿಟ್ಟುಬಿಡುವುದೂ ಅಷ್ಟೇ ಸುಲಭ. ಎರಡರಲ್ಲೂ ಮಗುವಿನ ಎರಡು ಮೂರು ವರ್ಷ ಹಾಳಾಗುತ್ತದೆ.

ಹಿನ್ನೆಲೆ

ಈ ಹುದ್ದೆ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1975ರ ಕಾನೂನು ವಿಕಲಚೇತನ ಮಕ್ಕಳಿಗೂ ಸರಕಾರಿ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡಬೇಕೆಂದಿತು. 1997ರ ತಿದ್ದುಪಡಿಯ ಪ್ರಕಾರ, ಕೆಟ್ಟ ನಡತೆಗಾಗಿ ಇಂಥ ಮಗುವನ್ನು 10 ದಿನಕ್ಕಿಂತ ಹೆಚ್ಚು ಹೊರಗಿಡುವ ಸಂದರ್ಭ ಬಂದರೆ, ಆ ನಡತೆಗೆ ಕಾರಣವೇನೆಂದು ಶಾಲೆಯೇ ಪರೀಕ್ಷಿಸಬೇಕು. ಆ ಪರೀಕ್ಷೆಗೆ ತರಬೇತಾದ ಜನ ಬೇಕಾಯಿತು.

ಭಾರತದಲ್ಲಿ ಈ ಕೆಲಸ ಶಾಲೆಗಿಂತ ಮೊದಲು ಸಂಸ್ಥೆಗಳಲ್ಲಿ ಶುರುವಾಯಿತು. ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆಯಿಂದ 1992ರಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಅವರು ಭಾರತದ ಮಕ್ಕಳಿಗೆಂದೇ ನಡವಳಿಕೆ ಅಳೆಯುವ ಪಟ್ಟಿಯನ್ನು ಸಿದ್ಧಪಡಿಸಿದರು. ವೆಂಕಟೇಶನ್ ಅವರು ನಂತರ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ವಿಶೇಷ ಶಿಕ್ಷಕರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮುಂತಾದವರ ತರಬೇತಿ ಮತ್ತು ನೋಂದಣಿಯನ್ನು 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತು ನೋಡಿಕೊಳ್ಳುತ್ತದೆ.

ಕೆಲಸ ಮಾಡುವ ರೀತಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೂರನೇ ತರಗತಿಯ ಹುಡುಗನೊಬ್ಬ ನೋಟ್‌ಬುಕ್ ಹರಿಯುತ್ತಾನೆ, ಪಕ್ಕದವನನ್ನು ತಳ್ಳುತ್ತಾನೆ. ಮೇಷ್ಟ್ರು ಗದರಿಸಿ ಹೊರಗೆ ನಿಲ್ಲಿಸುತ್ತಾರೆ. ನಾಳೆ ಮತ್ತೆ ಅದೇ ಕಥೆ. 'ಎಷ್ಟು ಹೇಳಿದರೂ ಬುದ್ಧಿ ಬರುವುದಿಲ್ಲ' ಎಂದು ತಂದೆಯನ್ನು ಕರೆಸುತ್ತಾರೆ, ಮನೆಯಲ್ಲಿ ಏಟು ಬೀಳುತ್ತದೆ.

ತಜ್ಞರು ಇಲ್ಲಿ ಮೊದಲು ಮಾಡುವ ಕೆಲಸ ಬುದ್ಧಿ ಹೇಳುವುದಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಮೂರು ವಿಷಯ ಬರೆದುಕೊಳ್ಳುವುದು: ಗಲಾಟೆಗೆ ಮುಂಚೆ ಏನಾಯಿತು, ಮಗು ನಿಖರವಾಗಿ ಏನು ಮಾಡಿತು, ಆಮೇಲೆ ಏನಾಯಿತು. 'ತುಂಟತನ ಮಾಡಿದ' ಎಂದು ಬರೆದರೆ ಪ್ರಯೋಜನವಿಲ್ಲ. '11 ಗಂಟೆ 10 ನಿಮಿಷಕ್ಕೆ, ಬೋರ್ಡಿನ ಲೆಕ್ಕ ಬರೆದುಕೊಳ್ಳಲು ಹೇಳಿದ ಕೂಡಲೇ ಹಾಳೆ ಹರಿದ, ಹೊರಗೆ ಕಳಿಸಿದರು, ಬೇವಿನ ಮರದ ಕೆಳಗೆ ಕೂತು ಸುಮ್ಮನಾದ' ಎಂದು ಬರೆಯಬೇಕು. ಒಂದು ವಾರ ಹೀಗೆ ಬರೆದರೆ ಗಲಾಟೆ ಎಲ್ಲಾ ಹೊತ್ತಿನಲ್ಲೂ ಇಲ್ಲ, ಬೋರ್ಡಿನಿಂದ ನೋಡಿ ಬರೆಯುವ ಹೊತ್ತಿನಲ್ಲಿ ಮಾತ್ರ ಇದೆ ಎಂಬುದು ಕಾಣಬಹುದು. ಹಾಗಾದರೆ ಹೊರಗೆ ಕಳಿಸುವುದು ಅವನಿಗೆ ಶಿಕ್ಷೆಯೇ ಅಲ್ಲ, ಬೇಕಾಗಿದ್ದ ಬಿಡುಗಡೆ. ಪ್ರತಿದಿನ ಮೇಷ್ಟ್ರೇ ಅದನ್ನು ಕೊಡುತ್ತಿದ್ದಾರೆ, ಅಷ್ಟೆ.

ಮುಂದಿನ ಪ್ರಶ್ನೆ, ಅವನಿಗೆ ಬೋರ್ಡು ಕಾಣುತ್ತದೆಯೇ ಎಂಬುದು. ಕಣ್ಣು, ಕಿವಿ, ಹಸಿವು, ನಿದ್ದೆ ಇವನ್ನು ನೋಡದೆ ನಡವಳಿಕೆಯ ಮಾತೆತ್ತುವ ತಜ್ಞರು ತಜ್ಞರೇ ಅಲ್ಲ. ಕಿವಿ ಸೋರುವ ಮಗು ಕರೆದರೆ ತಿರುಗಿ ನೋಡದಿರಬಹುದು. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗು ಹತ್ತೂವರೆಗೆ ಸಿಡುಕುತ್ತದೆ. ತಮಿಳುನಾಡಿನಲ್ಲಿ 2022ರ ಸೆಪ್ಟೆಂಬರಿನಲ್ಲಿ ಶುರುವಾಗಿ 2023ರಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲಾ ವಿಸ್ತರಿಸಿದ ಬೆಳಗಿನ ಉಪಾಹಾರ ಯೋಜನೆಯನ್ನು ಈ ದೃಷ್ಟಿಯಿಂದಲೂ ನೋಡಬಹುದು.

ದೇಹದ ಕಾರಣ ಇಲ್ಲವೆಂದಾದರೆ ಮಗು ಆ ನಡತೆಯಿಂದ ಏನು ಪಡೆಯುತ್ತಿದೆ ಎಂದು ಕೇಳುತ್ತಾರೆ. ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳುವುದು, ಯಾರಾದರೂ ತನ್ನನ್ನು ನೋಡಲಿ ಎಂಬುದು, ಬೇಕಾದ ವಸ್ತು ಸಿಗುವುದು, ಇಲ್ಲವೇ ಆ ಚಲನೆಯೇ ಹಿತವಾಗಿರುವುದು. ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು ಸಿಗುತ್ತದೆ. ನಮ್ಮ ಹುಡುಗನ ವಿಷಯದಲ್ಲಿ ಉಪಾಯ ಹೀಗಿರಬಹುದು: ಹತ್ತು ಲೆಕ್ಕದ ಬದಲು ಮೂರು ಲೆಕ್ಕ, ಅದನ್ನೂ ಅವನ ನೋಟ್‌ಬುಕ್ಕಿನಲ್ಲೇ ಬರೆದುಕೊಡುವುದು. ಕಷ್ಟವಾದಾಗ ಹಾಳೆ ಹರಿಯುವ ಬದಲು ಕೈ ಎತ್ತಿ 'ಸಾರ್, ಗೊತ್ತಾಗುತ್ತಿಲ್ಲ' ಎನ್ನಲು ಕಲಿಸುವುದು. ಹಾಗೆ ಕೇಳಿದ ಕೂಡಲೇ ಸಹಾಯ ಸಿಗಬೇಕು. ಸಿಗದಿದ್ದರೆ ಹುಡುಗ ಹಳೆಯ ದಾರಿಗೇ ಹೋಗುತ್ತಾನೆ, ಯಾಕೆಂದರೆ ಹಳೆಯ ದಾರಿ ಕೆಲಸ ಮಾಡುತ್ತಿತ್ತು.

ಇಲ್ಲಿ ಶಿಕ್ಷಕರಿಗೆ ಮೊದಲೇ ತಿಳಿಸಬೇಕಾದ ಮಾತೊಂದಿದೆ. ಹೊಸ ಕ್ರಮ ಶುರುಮಾಡಿದ ಮೊದಲ ಕೆಲವು ದಿನ ಗಲಾಟೆ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ಇಷ್ಟು ದಿನ ಸಿಗುತ್ತಿದ್ದದ್ದು ಸಿಗದಿದ್ದಾಗ ಮಗು ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಬಹಳ ಶಾಲೆಗಳಲ್ಲಿ ಇದೇ ಹಂತದಲ್ಲಿ 'ಇದೆಲ್ಲಾ ಆಗದ ಮಾತು' ಎಂದು ಕೋಲು ಮತ್ತೆ ಹೊರಗೆ ಬರುತ್ತದೆ.

ಎರಡು ಭಾಷೆಯ ಮಗು

ಪೆನ್ನಾಗರಂ, ಪಾಲಕ್ಕೋಡು ಕಡೆಯ ಊರುಗಳಲ್ಲಿ, ಸೇಲಂ ಜಿಲ್ಲೆಯ ಕೊಳತ್ತೂರು ಭಾಗದಲ್ಲಿ, 2004ರವರೆಗೆ ಧರ್ಮಪುರಿ ಜಿಲ್ಲೆಗೇ ಸೇರಿದ್ದ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯಲ್ಲಿ ಮನೆಮಾತು ಕನ್ನಡವಾಗಿ ಶಾಲೆಯ ಮಾತು ತಮಿಳಾಗಿರುವ ಮಕ್ಕಳಿದ್ದಾರೆ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಒಂದನೇ ತರಗತಿಯಿಂದ ಹಂತ ಹಂತವಾಗಿ ಎಲ್ಲಾ ಶಾಲೆಗಳಲ್ಲೂ ತಮಿಳು ಕಡ್ಡಾಯವಾಯಿತು. ಭಾಷೆಯ ರಾಜಕೀಯ ಬೇರೆ ವಿಷಯ. ಆರು ವರ್ಷದ ಮಗುವಿನ ನಡತೆಯ ಮೇಲೆ ಇದರ ಪರಿಣಾಮವೇನು ಎಂಬುದೇ ಇಲ್ಲಿನ ಪ್ರಶ್ನೆ.

ಟೀಚರ್ 'ಅಮೈದಿಯಾ ಇರು' ಎಂದರೆ ಕನ್ನಡದ ಮನೆಯಿಂದ ಬಂದ ಮಗುವಿಗೆ 'ಅಮೈದಿ' ಏನೆಂದು ತಿಳಿಯದೆ ಆಟ ಮುಂದುವರಿಸಬಹುದು. 'ಸುಮ್ಮಾ ಇರು' ಎಂದಿದ್ದರೆ ಅದು ಮನೆಯ 'ಸುಮ್ಮನಿರು'ವಿಗೆ ಹತ್ತಿರ, ತಕ್ಷಣ ತಿಳಿಯುತ್ತಿತ್ತು. ಮೊದಲ ಮಾತಿಗೆ ಕೇಳದ ಮಗುವನ್ನು ಮಾತು ಕೇಳದ ಮಗು ಎಂದು ರಿಜಿಸ್ಟರಿನಲ್ಲಿ ಬರೆದರೆ ಅದು ಮಗುವಿನ ನಡತೆಯ ವರದಿಯಲ್ಲ.

ಹೊಸ ಭಾಷೆಗೆ ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಮಾತಾಡದೆ ಕೇಳಿಸಿಕೊಳ್ಳುತ್ತಲೇ ಇರುವುದು ಸಹಜ. ಆ ಹೊತ್ತಿನಲ್ಲಿ ಅದು ಆಟದಲ್ಲಿ ಸೇರುತ್ತದೆ, ಸನ್ನೆ ಮಾಡುತ್ತದೆ, ಮನೆಯಲ್ಲಿ ಚೆನ್ನಾಗಿ ಮಾತಾಡುತ್ತದೆ. ಮನೆಯಲ್ಲೂ ಕನ್ನಡದಲ್ಲಿ ಎರಡು ಪದ ಜೋಡಿಸಲು ಬಾರದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೇರೆ ಮಕ್ಕಳ ಕಡೆ ನೋಡದಿದ್ದರೆ ಅದು ಭಾಷೆಯ ವಿಷಯವಲ್ಲ, ಕೂಡಲೇ ತೋರಿಸಬೇಕು. ಈ ವ್ಯತ್ಯಾಸ ತಿಳಿಯಲು ತಜ್ಞರು ಮನೆಯವರನ್ನು ಕೇಳಲೇಬೇಕು, ಅದೂ ಮನೆಯವರ ಭಾಷೆಯಲ್ಲಿ.

ಓದು ಬರಹದಲ್ಲೂ ಇದೇ ಗೊಂದಲ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ತ, ದ ಎರಡಕ್ಕೂ ಒಂದೇ; ಮಹಾಪ್ರಾಣಕ್ಕೆ ಬೇರೆ ಅಕ್ಷರವಿಲ್ಲ. ತಮಿಳಿನಲ್ಲಿ ಓದಲು ಕಲಿತ ಮಗು ಕನ್ನಡ ಬರೆಯುವಾಗ 'ಗಿಡ'ವನ್ನು 'ಕಿಡ' ಎಂದು ಬರೆದರೆ ಅದು ಒಂದು ಲಿಪಿಯ ಅಭ್ಯಾಸ ಇನ್ನೊಂದಕ್ಕೆ ಬಂದದ್ದು. ಎರಡೂ ಭಾಷೆಯಲ್ಲಿ, ವರ್ಷಗಟ್ಟಲೆ ಕಲಿಸಿದ ಮೇಲೂ, ಅಕ್ಷರಕ್ಕೂ ಧ್ವನಿಗೂ ಸಂಬಂಧ ಕೂಡದಿದ್ದರೆ ಆಗ ಕಲಿಕಾ ನ್ಯೂನತೆಯ ಪರೀಕ್ಷೆ ಬೇಕು. ಇಂಥ ಮಕ್ಕಳು ಓದಲು ಎಬ್ಬಿಸಿದ ಹೊತ್ತಿಗೇ ಜಗಳ ತೆಗೆಯುವುದು ಸಾಮಾನ್ಯ. ದಡ್ಡ ಅನಿಸಿಕೊಳ್ಳುವುದಕ್ಕಿಂತ ತುಂಟ ಅನಿಸಿಕೊಳ್ಳುವುದು ಮಕ್ಕಳಿಗೆ ಮೇಲು.

ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ತಂದೆ ತಾಯಿ, ಊರಿನಲ್ಲಿ ಅಜ್ಜಿಯ ಜೊತೆ ಉಳಿದ ಮಗು, ಅಥವಾ ನಡುವರ್ಷದಲ್ಲಿ ಶಾಲೆ ಬದಲಿಸಿದ ಮಗು ಈ ಜಿಲ್ಲೆಗಳಿಗೆ ಹೊಸದಲ್ಲ. ಹಬ್ಬಕ್ಕೆ ಬಂದ ಅಮ್ಮ ವಾಪಸ್ ಹೋದ ಮೇಲಿನ ವಾರ ಮಗು ಯಾಕೆ ಸಿಡುಕುತ್ತದೆ ಎಂದು ತಿಳಿಯಲು ದೊಡ್ಡ ಪರೀಕ್ಷೆ ಬೇಕಿಲ್ಲ, ಕೇಳುವವರು ಬೇಕು.

ಕಾನೂನು ಏನು ಹೇಳುತ್ತದೆ

ತಮಿಳುನಾಡು ಸರಕಾರ 2003ರಲ್ಲೇ ಶಿಕ್ಷಣ ನಿಯಮಗಳ 51ನೇ ನಿಯಮವನ್ನು ತಿದ್ದಿ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ದೇಶದಾದ್ಯಂತ ನಿಷೇಧಿಸುತ್ತದೆ. 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 'ಟಿ.ಸಿ. ತೆಗೆದುಕೊಂಡು ಹೋಗಿ' ಎಂಬ ಮಾತಿಗೆ ಹೆದರಿ ಮಗುವನ್ನು ಬಿಡಿಸಿಕೊಂಡು ಹೋಗುವ ಪೋಷಕರು ಇದನ್ನು ತಿಳಿದಿರಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದೆ. ಆಟಿಸಂ, ಬುದ್ಧಿ ನ್ಯೂನತೆ, ಕಲಿಕಾ ನ್ಯೂನತೆ ಅದರಲ್ಲಿವೆ. ಒಂದು ಕಡೆ ಕೂರಲಾಗದ, ಗಮನ ನಿಲ್ಲದ ಎಡಿಎಚ್‌ಡಿ ಮಾತ್ರ ಪ್ರತ್ಯೇಕವಾಗಿ ಇಲ್ಲ, ಇದರಿಂದ ಅಂಥ ಮಕ್ಕಳ ಮನೆಯವರು ಪ್ರಮಾಣಪತ್ರಕ್ಕೆ ಹೋಗಿ ಬರಿಗೈಯಲ್ಲಿ ಬರುವುದುಂಟು. ನ್ಯೂನತೆ ಶೇ. 40 ಅಥವಾ ಹೆಚ್ಚು ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ಪ್ರಾಥಮಿಕ ತರಗತಿಗಳಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂಬ ಪ್ರಮಾಣವನ್ನು ಹೇಳಿತು. 2025ರ ಮಾರ್ಚಿನಲ್ಲಿ ಹುದ್ದೆಗಳನ್ನು ಪ್ರಕಟಿಸುವಂತೆ ರಾಜ್ಯಗಳಿಗೆ ಮತ್ತೆ ಆದೇಶಿಸಬೇಕಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ನಂತರವೂ ಆದೇಶ ಬೇಕಾಯಿತೆಂದರೆ ನೆಲದ ಸ್ಥಿತಿ ಊಹಿಸಬಹುದು.

ಇಲ್ಲಿ ಯಾರನ್ನು ಕೇಳಬೇಕು

ಮೊದಲ ಬಾಗಿಲು ಮುಖ್ಯೋಪಾಧ್ಯಾಯರದ್ದು. ಅವರ ಮೂಲಕ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ, ಅಂದರೆ ತಮಿಳಿನಲ್ಲಿ 'ವಟ್ಟಾರ ವಳ ಮೈಯಂ' ಎನ್ನುವಲ್ಲಿಗೆ, ವಿಷಯ ಹೋಗಬೇಕು. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಾ ಯೋಜನೆಯಡಿ ವಿಶೇಷ ಶಿಕ್ಷಕರು ಈ ಕೇಂದ್ರದಿಂದ ಶಾಲೆಗಳಿಗೆ ಬರುತ್ತಾರೆ. ನಡವಳಿಕೆ ತಜ್ಞರ ಕೆಲಸದ ಹೆಚ್ಚು ಭಾಗ ಈಗ ಇವರ ಮೇಲಿದೆ. ಒಬ್ಬೊಬ್ಬರು ಹಲವು ಶಾಲೆ ನೋಡಬೇಕಾದ್ದರಿಂದ ಒಂದು ಮಗುವಿನ ಹಿಂದಿನ ಬೆಂಚಿನಲ್ಲಿ ವಾರವಿಡೀ ಕೂರುವುದು ಅವರಿಗೆ ಸಾಧ್ಯವಿಲ್ಲ. ಆದ್ದರಿಂದ ಬರೆದಿಡುವ ಕೆಲಸವನ್ನು ತರಗತಿಯ ಶಿಕ್ಷಕರೂ ಮನೆಯವರೂ ಮಾಡಿದರೆ ಅವರ ಒಂದು ಭೇಟಿಗೆ ಬೆಲೆ ಬರುತ್ತದೆ. ಮುಖ್ಯೋಪಾಧ್ಯಾಯರು ಗಮನ ಕೊಡದಿದ್ದರೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಎತ್ತಬಹುದು. ಆ ಸಮಿತಿಯ ನಾಲ್ಕರಲ್ಲಿ ಮೂರು ಭಾಗ ಪೋಷಕರೇ ಇರಬೇಕೆಂದು ಕಾಯ್ದೆ ಹೇಳುತ್ತದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಯೋಜನೆಯಡಿ 2013ರಿಂದ ವೈದ್ಯರ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ವಾಹನದಲ್ಲಿ ಬಂದು ಪರೀಕ್ಷೆ ಮಾಡುತ್ತವೆ. ಬೆಳವಣಿಗೆಯಲ್ಲಿ ಹಿಂದುಳಿದಿರುವುದೂ ಅವರು ನೋಡಬೇಕಾದ ಪಟ್ಟಿಯಲ್ಲಿದೆ. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು. ಅಲ್ಲಿಂದ ಮುಂದೆ ಧರ್ಮಪುರಿ ಅಥವಾ ಸೇಲಂ ಮೋಹನ್ ಕುಮಾರಮಂಗಲಂ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಕನ್ನಡದಲ್ಲೇ ವಿವರವಾಗಿ ಮಾತಾಡಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವಿದೆ. ಮಾತಿನ, ಕಿವಿಯ ತೊಂದರೆಗೆ 1965ರಲ್ಲಿ ಶುರುವಾದ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ. ಅಂಗವೈಕಲ್ಯದ ಯುಡಿಐಡಿ ಕಾರ್ಡು ರಾಜ್ಯದ ಗಡಿ ದಾಟಿದರೂ ಮಾನ್ಯ, ಆದರೆ ಮಾಸಿಕ ನೆರವು ವಾಸವಿರುವ ರಾಜ್ಯದ್ದು.

ಖಾಸಗಿಯಾಗಿ 'ಥೆರಪಿ' ಕೊಡುವವರಲ್ಲಿ ಹೋಗುವಾಗ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಬೇಕು. ಇಷ್ಟು ತಿಂಗಳಲ್ಲಿ ಆಟಿಸಂ ಗುಣವಾಗುತ್ತದೆ ಎಂದು ಮಾತು ಕೊಡುವವರಿಂದ ದೂರವಿರುವುದು ಒಳ್ಳೆಯದು. ಮಗುವನ್ನು ಬಲವಂತವಾಗಿ ಕಣ್ಣಿಗೆ ಕಣ್ಣಿಟ್ಟು ನೋಡಿಸುವ, ಕೈ ಆಡಿಸುವುದನ್ನು ತಡೆಯುವ ಪದ್ಧತಿಗಳನ್ನು ಆಟಿಸಂ ಇರುವ ವಯಸ್ಕರೇ ಇಂದು ವಿರೋಧಿಸುತ್ತಿದ್ದಾರೆ. ಯಾರಿಗೂ ಅಪಾಯವಿಲ್ಲದ ಅಭ್ಯಾಸವನ್ನು ಬಿಡಿಸಲು ಹೋಗುವುದು ನೋಡುವವರ ಮುಜುಗರಕ್ಕೇ ಹೊರತು ಮಗುವಿನ ಒಳ್ಳೆಯದಕ್ಕಲ್ಲ.

ಆಸ್ಪತ್ರೆಗಾಗಲಿ ಸಂಪನ್ಮೂಲ ಕೇಂದ್ರಕ್ಕಾಗಲಿ ಹೋಗುವಾಗ ಒಂದೆರಡು ವಾರದ ಬರಹ, ಮಗುವಿನ ಹಳೆಯ ನೋಟ್‌ಬುಕ್‌ಗಳು, ಮಗು ಯಾವ ಭಾಷೆಯನ್ನು ಎಲ್ಲಿ, ಯಾರ ಜೊತೆ ಆಡುತ್ತದೆ ಎಂಬ ವಿವರ ಜೊತೆಗಿರಲಿ. ಬರಹ ಕನ್ನಡದಲ್ಲಿದ್ದರೂ ತೊಂದರೆಯಿಲ್ಲ, ಓದಿ ಹೇಳಬಹುದು. ಫೋನಿನಲ್ಲಿ ಕೇಳುವುದಾದರೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡ, ತಮಿಳು ಎರಡೂ ಇವೆ. ತಮಿಳುನಾಡು ಶಾಲಾ ಶಿಕ್ಷಣ ಇಲಾಖೆಯ ಸಹಾಯವಾಣಿ 14417. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಮಗುವಿಗೆ ಹಿಂಸೆಯಾಗುತ್ತಿದ್ದರೆ 1098.